ನಾಲ್ಕು ಜನರ ಅಳತೆ

ಮನೆಯಲ್ಲಿ ಎಷ್ಟು ಜನ ಎಂದು ಒಳಾಂಗಣ ವಿನ್ಯಾಸಕಿ ಕೇಳಿದಾಗ ಮೇಷ್ಟ್ರು ನಾಲ್ಕು ಎಂದರು. ಇದ್ದವರು ಐದು ಜನ. ಮೇಷ್ಟ್ರು ಹೈಸ್ಕೂಲಿನಲ್ಲಿ ಹೇಳಿಕೊಡುವುದು ಗಣಿತ ಎಂಬುದನ್ನು ಇಲ್ಲಿ ಬಾಯಿಬಿಡದಿದ್ದರೆ ಅವರಿಗೆ ಉಪಕಾರ ಮಾಡಿದಂತಾಗುತ್ತಿತ್ತು.

ಐದನೆಯವಳು ಅವರ ಅಕ್ಕ. ಆ ಹೊತ್ತಿಗೆ ಅವಳು ಮಹಡಿಯಲ್ಲೋ ಹಿತ್ತಿಲಲ್ಲೋ ಇದ್ದಳು ಎನ್ನುವ ಹಾಗಿದ್ದರೆ ಅಷ್ಟರಮಟ್ಟಿಗೆ ಸಮಾಧಾನ. ಅವಳು ಅದೇ ಕೋಣೆಯಲ್ಲಿ, ವಿನ್ಯಾಸಕಿಯ ಅಳತೆಪಟ್ಟಿಯ ಇನ್ನೊಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದು ನಿಂತಿದ್ದಳು.

ಮೇಷ್ಟರ ದೊಡ್ಡ ಮಗು ಹುಟ್ಟಿದಾಗ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು ಅಕ್ಕ. ಆ ಮಗುವಿಗೆ ಈಗ ಮೀಸೆ ಬಂದಿದೆ. ಹೊಲಿಗೆ ಮಿಷನ್ನಿನ ಜೊತೆ ಬಂದಿದ್ದಳು. ಮಿಷನ್ನಿಗೆ ಒಂದು ಮೂಲೆ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಅಡುಗೆಮನೆಯ ಬಾಗಿಲು. ಮನೆಯವರು ಊಟ ಮಾಡುವಾಗ, ಜಗಳವಾಡುವಾಗ, ಟಿವಿ ನೋಡುವಾಗ ಅವಳು ಆ ಬಾಗಿಲಿಗೆ ಒರಗಿ ನಿಂತು ಮಾತಿಗೆ ಮಾತು ಸೇರಿಸುತ್ತಿದ್ದಳು. ‘ಕೂತ್ಕೋ ಅಕ್ಕ’ ಎಂದು ಮೊದಮೊದಲು ಹೇಳುತ್ತಿದ್ದರು. ‘ಈಗ ಬಂದೆ’ ಎನ್ನುತ್ತಿದ್ದಳು. ಆಮೇಲೆ ಎರಡೂ ಮಾತು ನಿಂತುಹೋದವು.

ಆ ಕೋಣೆಯನ್ನು ಹೊಸದಾಗಿ ಮಾಡಿಸುವ ಆಸೆ ಮೇಷ್ಟರ ಹೆಂಡತಿಯದು. ಒಬ್ಬೊಬ್ಬರು ಒಂದೊಂದು ಕೋಣೆ ಸೇರಿ ಫೋನಿಗೆ ಮುಖ ಹಚ್ಚುವ ಈ ಸಂಸಾರ ಒಂದು ಕಡೆ ಕೂರಬೇಕಾದರೆ ಕೂರುವಂಥ ಜಾಗವಿರಬೇಕು, ಅದು ಹಳ್ಳಿ ಶೈಲಿಯಲ್ಲಿರಬೇಕು ಎಂದು ಆಕೆ ಯಾವುದೋ ಪತ್ರಿಕೆಯ ಚಿತ್ರ ನೋಡಿ ತೀರ್ಮಾನಿಸಿದ್ದರು. ಹಳ್ಳಿಯಲ್ಲಿ ಬದುಕಿದವರು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ.

ವಿನ್ಯಾಸಕಿಗೆ ತನ್ನದೇ ಆದ ಪದ್ಧತಿಯಿತ್ತು. ಸೋಫಾ ಸಾಲುಗಳನ್ನು ಆಕೆ ಒಪ್ಪುತ್ತಿರಲಿಲ್ಲ. “ಬಸ್‌ಸ್ಟ್ಯಾಂಡಲ್ಲಿ ಕೂತ ಹಾಗಿರುತ್ತೆ ಸರ್. ನಾನು ಒಬ್ಬೊಬ್ಬರಿಗೂ ಅವರವರ ಮೊಣಕಾಲಿನ ಎತ್ತರ ನೋಡಿ ಕುರ್ಚಿ ಮಾಡಿಸ್ತೀನಿ. ಕುರ್ಚಿ ನೋಡಿದ ತಕ್ಷಣ ಇದು ನಂದು ಅನ್ನಿಸಬೇಕು. ಆಗ ಮನುಷ್ಯ ತಾನಾಗೇ ಬಂದು ಕೂರ್ತಾನೆ.”

ನಾಲ್ಕು ಜನ ಸಾಲಾಗಿ ಸ್ಟೂಲಿನ ಮೇಲೆ ಕೂತು ಮೊಣಕಾಲು ಒಪ್ಪಿಸಿದರು. ವಿನ್ಯಾಸಕಿ ಪಟ್ಟಿಯ ಒಂದು ತುದಿಯನ್ನು ಮಂಡಿಗೆ ಹಿಡಿದಳು. ಇನ್ನೊಂದು ತುದಿಯನ್ನು ಅಕ್ಕ ನೆಲಕ್ಕೆ ಬಗ್ಗಿ ಹಿಮ್ಮಡಿಯ ಹತ್ತಿರ ಹಿಡಿದಳು.

“ಅತ್ತೆ, ಕಚಗುಳಿ ಇಡ್ಬೇಡ!” ಎಂದಳು ಮಗಳು.

“ನಿನ್ನ ಕಾಲಿಗೆ ಕಚಗುಳಿ ಬೇರೆ ಇಡ್ಬೇಕಾ? ತೊಳ್ಕೊಂಡು ಬಾ ಮೊದಲು,” ಎಂದಳು ಅಕ್ಕ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ವಿನ್ಯಾಸಕಿ ಹೊರಡುವಾಗ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮುಂದೆ ನಿಂತುಬಿಟ್ಟಳು. ಬಣ್ಣ ಒಂದೇ ಜಾಗದಲ್ಲಿ ಸವೆದು, ಒಳಗಿನ ಮರ ನುಣ್ಣಗೆ ಹೊಳೆಯುತ್ತಿತ್ತು. “ಇದು ನೋಡಿ ಅಸಲಿ ಹಳ್ಳಿ ಲುಕ್! ಇದನ್ನ ಮಾಡಿಸೋಕೆ ನಾವು ಒದ್ದಾಡ್ತೀವಿ. ಹೇಗೆ ಬಂತು ಇದು?” ಯಾರಿಗೂ ಗೊತ್ತಿರಲಿಲ್ಲ. ಪೇಂಟರು ಅದನ್ನು ಮುಟ್ಟಕೂಡದೆಂದು ತಾಕೀತಾಯಿತು.

ಮಾರನೆಯ ವಾರ ನಕ್ಷೆ ಬಂತು. ದೊಡ್ಡ ಕಿಟಕಿಯ ಕಡೆ ಮುಖಮಾಡಿ ಅರ್ಧಚಂದ್ರದಂತೆ ನಾಲ್ಕು ಕುರ್ಚಿ, ನಡುವೆ ದಪ್ಪ ಹಲಗೆಯ ಗಿಡ್ಡ ಮೇಜು, ಚಿಂದಿಬಟ್ಟೆ ಹೆಣೆದ ಜಮಖಾನ. ಮೇಷ್ಟ್ರು ಅಭ್ಯಾಸಬಲದಿಂದ ಕುರ್ಚಿಗಳನ್ನು ಎಣಿಸಿದರು. ಆಮೇಲೆ ಮನೆಯವರನ್ನು ಎಣಿಸಿದರು. ಕಿವಿ ಬಿಸಿಯಾಯಿತು.

ಆಗಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ‘ಅಯ್ಯೋ, ಅಕ್ಕನ್ನ ಬಿಟ್ಟೇಬಿಟ್ಟೆ!’ ಎಂದು ಹಣೆ ಚಚ್ಚಿಕೊಂಡಿದ್ದರೆ ಅದೊಂದು ತಮಾಷೆಯಾಗಿ ಹೋಗುತ್ತಿತ್ತು. ಆದರೆ ಹೇಳುವುದೆಂದರೆ, ಮರೆತಿದ್ದೆ ಎಂದು ಒಪ್ಪಿಕೊಳ್ಳುವುದು. ಛತ್ರಿ ಮರೆಯಬಹುದು, ಹೆಂಡತಿಯ ಹುಟ್ಟಿದ ದಿನ ಮರೆತು ಬೈಸಿಕೊಳ್ಳಬಹುದು. ತನ್ನನ್ನು ಎತ್ತಿ ಆಡಿಸಿದವಳನ್ನು ಅವಳೆದುರೇ ಮರೆಯುವುದಕ್ಕೆ ಯಾವ ನೆಪವೂ ಹೊಂದುವುದಿಲ್ಲ. ನಾಳೆ ಹೇಳೋಣವೆಂದು ನಕ್ಷೆ ಮಡಿಸಿಟ್ಟರು. ಅಕ್ಕನಿಗೆ ಅವತ್ತು ಕೇಳಿಸಿರಲಾರದು. ಅಳತೆಪಟ್ಟಿ ಅಷ್ಟು ಉದ್ದವಿತ್ತು, ಅವಳಿದ್ದದ್ದು ಆ ತುದಿಯಲ್ಲಿ ಎಂದು ತಮಗೆ ತಾವೇ ಪಾಠ ಹೇಳಿಕೊಂಡರು.

ನಾಳೆಗಳು ಬಂದವು, ಹೋದವು. ಅಂಗಳದಲ್ಲಿ ಬಡಗಿ ಹೊಚ್ಚಹೊಸ ಹಲಗೆಗಳನ್ನು ಅಂಗಾತ ಮಲಗಿಸಿ, ಹಳತಾಗಿ ಕಾಣಲೆಂದು ಸರಪಳಿಯಿಂದ ಬಾರಿಸಿದ. “ತಪ್ಪೊಪ್ಕೊಳ್ಳೋವರೆಗೂ ಬಿಡ್ಬೇಡಿ!” ಎಂದು ಮಗ ಮಹಡಿಯಿಂದ ಕೂಗಿದ. ಮೇಷ್ಟ್ರು ಯಾಕೋ ಒಳಗೆ ಹೋದರು.

ದಿಂಬಿನ ಹೊದಿಕೆಗಳು ಅಕ್ಕನ ಪಾಲಿಗೆ ಬಂದವು. ಕೆಂಪು, ನೀಲಿ, ಹಸಿರು, ಹಳದಿ ಚೌಕಳಿ ಬಟ್ಟೆಗಳನ್ನು ಮಿಷನ್ನಿನ ಮೇಲೆ ಹರಡಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೊಲಿಯುತ್ತಿದ್ದಳು. ಮೇಷ್ಟ್ರು ಹತ್ತಿರ ಸುಳಿದಾಡಿದರು. ಇದೇ ಸಮಯವೆಂದು ಧೈರ್ಯ ಮಾಡಿದರು.

“ಅಕ್ಕ, ನಿಂಗೂ ಒಂದು ಹೊಲ್ಕೋ.”

ಅಕ್ಕ ಸೂಜಿಗಳನ್ನು ಬಾಯಿಂದ ತೆಗೆದಳು. “ಯಾವ ಕುರ್ಚಿಗೋ?”

ಕುಹಕವಿರಲಿಲ್ಲ. ಎಷ್ಟು ಗುಂಡಿ ಇಡಲಿ ಎಂದು ಕೇಳುವ ದನಿಯದು. ಮೇಷ್ಟ್ರು “ಬಣ್ಣ ಒಣಗಿತಾ ನೋಡ್ಬೇಕು” ಎಂದು ಹೊರಟರು. ಬಣ್ಣ ಹಿಂದಿನ ದಿನವೇ ಒಣಗಿತ್ತು.

ಅಂದೇ ಸ್ಕೂಲಿನ ಸ್ಟಾಫ್ ರೂಮಿನ ಹೊರಗೆ ನಿಂತು ವಿನ್ಯಾಸಕಿಗೆ ಫೋನು ಮಾಡಿದರು. “ಇನ್ನೊಂದು ಕುರ್ಚಿ ಹಾಕ್ಬಹುದಾ ಅಂತ...”

“ಇನ್ನೊಂದಾ? ಅರ್ಧಚಂದ್ರ ಕೆಟ್ಟುಹೋಗುತ್ತೆ ಸರ್. ಯಾರಿಗೆ? ಮನೇಲಿ ನಾಲ್ಕೇ ಜನ ಅಲ್ವಾ ನೀವು?”

ಮೇಷ್ಟ್ರು ಕಾರಿಡಾರಿನ ಉದ್ದಕ್ಕೂ ನೋಡಿದರು. ಯಾರೂ ಸಹಾಯಕ್ಕೆ ಬರುವ ಹಾಗೆ ಕಾಣಲಿಲ್ಲ.

“ಹೌದೌದು, ನಾಲ್ಕೇ. ಇದು... ಯಾರಾದ್ರೂ ಬಂದ್ರೆ.”

“ಅತಿಥಿಗಳಿಗಾ? ಹಾಗೆ ಹೇಳಿ ಮತ್ತೆ! ಮೂರು ಕಾಲಿನ ಮುದ್ದಾದ ಸ್ಟೂಲ್ ಮಾಡಿಸ್ತೀನಿ. ಬೇಡದಾಗ ಮೇಜಿನ ಕೆಳಗೆ ತಳ್ಳಿಬಿಡಬಹುದು.”

“ಅದೇ, ಅತಿಥಿಗಳಿಗೆ,” ಎಂದರು ಮೇಷ್ಟ್ರು. ಮರೆವು ಅಲ್ಲಿಗೆ ಮುಗಿಯಿತು. ಇನ್ನು ಮುಂದಿನದಕ್ಕೆ ಬೇರೆ ಹೆಸರು ಬೇಕಾಗಿತ್ತು.

ಕೋಣೆ ಸಿದ್ಧವಾಯಿತು. ಚೆನ್ನಾಗಿಯೇ ಇತ್ತು; ಅದನ್ನು ಅಲ್ಲಗಳೆಯುವ ಹಾಗಿಲ್ಲ. ಗಾಯಗೊಂಡ ಹಲಗೆಗಳ ಮೇಲೆ ಬಿಸಿಲು ಬಿದ್ದು ಅವು ನಾಲ್ಕು ತಲೆಮಾರು ಕಂಡಂತೆ ಕಾಣುತ್ತಿದ್ದವು. ಭಾನುವಾರ ಸಂಜೆ ಪಕ್ಕದ ಮನೆಯ ವಕೀಲರನ್ನು ಕರೆದಿದ್ದರು. ವಿನ್ಯಾಸಕಿ ಫೋಟೋ ತೆಗೆಯಲು ಬಂದಿದ್ದಳು. ಮನೆಯವರು ತಂತಮ್ಮ ಕುರ್ಚಿಯಲ್ಲಿ ಕೂತು ನೋಡಿದರೆ, ಹೌದು, ಪಾದ ನೆಲಕ್ಕೆ ಅಂಗೈ ಇಟ್ಟಂತೆ ಕೂತವು.

ಅಕ್ಕ ಕಾಫಿಯ ತಟ್ಟೆ ಹಿಡಿದು ಬಂದಳು. ಅಷ್ಟರಲ್ಲಿ ವಕೀಲರು ಮೇಜಿನ ಕೆಳಗಿನಿಂದ ಸ್ಟೂಲು ಎಳೆದುಕೊಂಡು ತಮ್ಮ ದೇಹವನ್ನು ಅದಕ್ಕೆ ಒಪ್ಪಿಸಲು ಸಿದ್ಧರಾಗಿದ್ದರು.

“ಅದು ಬೇಡ!” ಮೇಷ್ಟ್ರು ಎದ್ದೇಬಿಟ್ಟರು. “ಅದು ಅಕ್ಕಂದು.”

ವಕೀಲರು ಅರ್ಧಕ್ಕೆ ಬಗ್ಗಿದವರು ಹಾಗೇ ನಿಂತರು. ವಿನ್ಯಾಸಕಿ ಕ್ಯಾಮೆರಾ ಇಳಿಸಿದಳು. “ಅಲ್ಲ ಸರ್, ಇದು ಅತಿಥಿಗಳಿಗೆ ಅಂತ ನೀವೇ ಹೇಳಿ ಮಾಡಿಸಿದ್ದಲ್ವಾ? ಮನೇಲಿ ನಾಲ್ಕೇ ಜನ, ಯಾರಾದ್ರೂ ಬಂದ್ರೆ ಬೇಕು ಅಂತ?” ಎಂದಳು. ಆಮೇಲೆ ತಟ್ಟೆ ಹಿಡಿದು ನಿಂತವಳನ್ನು ನೋಡಿದಳು. “ಅಂದ್ರೆ... ಇವರು ಇಲ್ಲೇ ಇರೋದಾ? ನಾನು ಕೆಲಸ ಮುಗಿಯೋವರೆಗೂ ಸಹಾಯಕ್ಕೆ ಬಂದಿದ್ದಾರೆ ಅಂದ್ಕೊಂಡೆ.” ಆಡಿದ ಮಾತು ಅವಳ ಕಿವಿಗೇ ಬಿದ್ದು ಮುಖ ಬಾಡಿತು.

ಮೇಷ್ಟರ ಹೆಂಡತಿ ತಮ್ಮ ಚೌಕಳಿ ದಿಂಬನ್ನು ತಿರುವಿ ಹೊಲಿಗೆ ನೋಡತೊಡಗಿದರು. ಮಗ ಯಾವತ್ತೂ ಇಲ್ಲದೆ ಫೋನನ್ನು ಕೆಳಗಿಟ್ಟ.

“ಇಬ್ಬರು ಹೇಳಿದ್ದೂ ಸರಿಯೇ ಬಿಡಿ,” ಎಂದಳು ಅಕ್ಕ. ತಟ್ಟೆಯನ್ನು ತಮ್ಮನ ಕೈಗೆ ಕೊಟ್ಟಳು. “ವಕೀಲ್ರೇ, ನೀವು ಅವನ ಕುರ್ಚೀಲಿ ಕೂತ್ಕೊಳ್ಳಿ. ಇದರ ಕಾಲು ಮೂರೇ, ನಿಮ್ಮ ಕೇಸು ಹಿಡಿಯೋ ಶಕ್ತಿ ಇಲ್ಲ.” ವಕೀಲರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು ಕೂತರು. ಅಕ್ಕ ಸೀರೆ ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತಳು. ಕೂತ ಮೇಲೆ ಎಷ್ಟು ಚಿಕ್ಕವಳಾಗಿ ಕಂಡಳೆಂದರೆ, ಅವಳು ಕೂತದ್ದನ್ನು ತಾವು ನೋಡಿ ಎಷ್ಟು ಕಾಲವಾಯಿತೆಂದು ಮೇಷ್ಟರಿಗೆ ನೆನಪಾಗಲಿಲ್ಲ.

“ಅತಿಥಿಗೆ ಕಾಫಿ ಇಲ್ವೇನೋ?”

ತಟ್ಟೆಯಲ್ಲಿ ಎಲ್ಲರಿಗೂ ಲೋಟವಿತ್ತು. ಒಂದು ಕಮ್ಮಿ. ಅವಳ ಲೆಕ್ಕದಲ್ಲೂ ಅವಳಿರಲಿಲ್ಲ.

ಮೇಷ್ಟ್ರು ತಟ್ಟೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದರು. ಹಿಂದೆಯೇ ಹೆಂಡತಿ ಬಂದರು.

“ನಾಲ್ಕು ಅಂತ ಯಾಕ್ರೀ ಹೇಳಿದ್ರಿ?” ಪಿಸುದನಿಯಲ್ಲಿ ರೇಗಿದರು.

“ನಾನು ಹೇಳ್ದೆ. ನೀನು ಪಕ್ಕದಲ್ಲೇ ಕೂತು ಕೇಳ್ದೆ.”

ಆಕೆ ಇನ್ನೊಂದು ಲೋಟ ತೆಗೆದಿಟ್ಟು ಹೊರಗೆ ಹೋದರು.

ಹಾಲು ಕಾಯಿತು. ಡಿಕಾಕ್ಷನ್ ಸಿಕ್ಕಿತು. ಸಕ್ಕರೆ ಡಬ್ಬಿ ಹುಡುಕಿ, ಚಮಚ ತುಂಬಿ, ಮೇಷ್ಟ್ರು ಅಲ್ಲಿಗೆ ನಿಂತರು. ಅಕ್ಕನಿಗೆ ಸಕ್ಕರೆ ಬೇಕೋ ಬೇಡವೋ? ವಕೀಲರಿಗೆ ಎರಡು ಚಮಚ, ಹೆಂಡತಿಗೆ ಅರ್ಧ, ಹೆಡ್‌ಮಾಸ್ಟರಿಗೆ ಸಕ್ಕರೆಯಿಲ್ಲದ್ದು ಎಂಬುದೆಲ್ಲ ಗೊತ್ತಿತ್ತು. ಊಹಿಸಿ ಹಾಕಿಬಿಡಬಹುದಿತ್ತು. ಇನ್ನೊಮ್ಮೆ ಊಹಿಸುವ ಧೈರ್ಯ ಬರಲಿಲ್ಲ.

ಬಾಗಿಲಿಗೆ ಬಂದು ಕೇಳಿದರು. “ಅಕ್ಕ... ನಿಂಗೆ ಸಕ್ಕರೆ ಹಾಕ್ಲಾ?”



“ನಿಮ್ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಪ್ಪ,” ಎಂದಳು ಅಕ್ಕ, ಬಂದವರು ಹೇಳುವ ಹಾಗೆ, ತಿರುಗದೆ.

ಮೇಷ್ಟ್ರು ತುಂಬಿದ ಚಮಚ ಹಿಡಿದು ಚೌಕಟ್ಟಿಗೆ ಒರಗಿದರು. ತೋಳಿಗೆ ನುಣುಪು ತಾಗಿತು. ನೋಡಿದರೆ ಬಣ್ಣ ಸವೆದ ಆ ಜಾಗ, ತಮ್ಮ ಭುಜಕ್ಕಿಂತ ಒಂದು ಗೇಣು ಕೆಳಗೆ. ಅಲ್ಲಿಂದ ಕೋಣೆ ಪೂರ್ತಿ ಕಾಣುತ್ತಿತ್ತು: ಕಿಟಕಿಯ ಕಡೆ ಮುಖಮಾಡಿದ ನಾಲ್ಕು ಕುರ್ಚಿಗಳ ಬೆನ್ನು.