ಆರನೆಯ ಪುಟ

“ಬಿಟ್ಟಿ ಕೊಡ್ತೀನಿ ಅನ್ನೋವ್ನ ಮೇಲೇ ಮೊದಲು ಕಣ್ಣಿಡಬೇಕಮ್ಮ,” ಎಂದರು ಕನ್ನಡಕದ ಅಂಗಡಿಯ ಯಜಮಾನರು. ಕೈಗೆ ಸಿಕ್ಕ ಫ್ರೇಮೊಂದನ್ನು ಮೂಗಿಗೇರಿಸಿ ಅವಳ ಕಂಪ್ಯೂಟರಿನೊಳಗೆ ಇಣುಕುತ್ತಿದ್ದರು. ಫ್ರೇಮಿಗೆ ಇನ್ನೂ ಗಾಜು ಹಾಕಿರಲಿಲ್ಲ, ಅದು ಅವರ ಗಮನಕ್ಕೆ ಬಂದಂತಿರಲಿಲ್ಲ. “ಕೆಳಗಡೆ ಅದೇನು ಕುಣೀತಿರೋದು?”

“ಜಾಹೀರಾತು ಸರ್. ಬಿಟ್ಟಿ ಪ್ಲ್ಯಾನ್ ತಗೊಂಡ್ರೆ ನಮ್ಮ ವೆಬ್‌ಸೈಟಲ್ಲಿ ಅವರಿಗೆ ಬೇಕಾದ್ದನ್ನ ಹಾಕ್ಕೋತಾರೆ.”

“ಎದುರುಗಡೆ ಅಂಗಡಿಯವನ್ದೇ ಹಾಕಿಬಿಟ್ರೆ? ನಮ್ಮ ಬಾಗಿಲಲ್ಲೇ ಅವನಿಗೆ ಕುರ್ಚಿ ಹಾಕಿ ಕೂರಿಸಿದ ಹಾಗಾಯ್ತು. ಬೇಡ, ಹೊಡೆದುಹಾಕು.”

ಅವಳು ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದಳು. ಹದಿನಾಲ್ಕು ವರ್ಷಗಳಿಂದ ಆ ಅಂಗಡಿಯ ಮುಂದಿನ ಮೇಜು ಅವಳದು. ಗಿರಾಕಿಗಳ ಚೀಟಿ ಬರೆಯುವುದು, ಕನ್ನಡಕ ತಯಾರಾಯಿತೆಂದು ಫೋನು ಮಾಡುವುದು, ಇವುಗಳ ಜೊತೆಗೆ ವೆಬ್‌ಸೈಟನ್ನೂ ಅವಳ ತಲೆಗೇ ಕಟ್ಟಿದ್ದರು. ಅದನ್ನು ನಡೆಸುತ್ತಿದ್ದ ಹಳೆಯ ಕಂಪನಿ ತಿಂಗಳ ಕೊನೆಗೆ ಬಾಗಿಲು ಹಾಕುವುದಾಗಿ ತಿಳಿಸಿತ್ತು. ಹೊಸದೊಂದು ಅಗ್ಗದ ವ್ಯವಸ್ಥೆ ಹುಡುಕಿ ಹುಡುಕಿ ಒಂದು ವಾರದಲ್ಲಿ ಅವಳ ತಲೆ ಚಿಟ್ಟು ಹಿಡಿದಿತ್ತು. ಒಬ್ಬರು ಮೊದಲ ವರ್ಷ ಬೆಣ್ಣೆ ಹಚ್ಚಿ ಎರಡನೆಯ ವರ್ಷ ಕತ್ತು ಹಿಡಿಯುವವರು. ಇನ್ನೊಬ್ಬರದು ಎಲ್ಲ ಉಚಿತವೇ, ಆದರೆ ವೆಬ್‌ಸೈಟ್ ಇಡುವ ಜಾಗವನ್ನು ನೀವೇ ಬಾಡಿಗೆಗೆ ಹಿಡಿಯಬೇಕು, ಕೆಟ್ಟರೆ ನೀವೇ ಒದ್ದಾಡಬೇಕು. ಎಲ್ಲ ಸೋಸಿದ ಮೇಲೆ ಉಳಿದದ್ದು ಒಂದೇ ಕಂಪನಿಯ ಎರಡು ಪ್ಲ್ಯಾನು. ಚಿಕ್ಕದರಲ್ಲಿ ಐದೇ ಪುಟ. ದೊಡ್ಡದರಲ್ಲಿ ಎಷ್ಟು ಪುಟ ಬೇಕಾದರೂ ಹಾಕಬಹುದು, ಬೆಲೆ ಮೂರು ಪಟ್ಟು.

“ನಮ್ದು ಎಷ್ಟು ಪುಟ?”

“ಆರು ಸರ್.”

ಮುಖಪುಟ, ಕಣ್ಣಿನ ಪರೀಕ್ಷೆ, ಫ್ರೇಮುಗಳು, ಅಂಗಡಿಯ ವೇಳೆ, ವಿಳಾಸ. ಆರನೆಯದು ಅವಳ ತಮ್ಮ.

ಒಂಬತ್ತು ವರ್ಷದ ಹಿಂದೆ, ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬರುತ್ತೇನೆಂದು ಹೋದವನು ಬರಲಿಲ್ಲ. ಆಗ ಅವನಿಗೆ ಇಪ್ಪತ್ತಮೂರು. ಪೊಲೀಸರು ಬರೆದುಕೊಂಡರು, ಆಸ್ಪತ್ರೆಗಳನ್ನೆಲ್ಲ ಅಲೆದದ್ದಾಯಿತು, ಗೋಡೆಗೆ ಅಂಟಿಸಿದ ಚೀಟಿಗಳ ಮೇಲೆ ಬೇರೆ ಚೀಟಿಗಳು ಬಂದವು. ಆ ವಾರವೇ ಯಜಮಾನರು, ಅವಳು ಬಾಯಿಬಿಟ್ಟು ಕೇಳುವ ಮೊದಲೇ, “ನಮ್ಮ ವೆಬ್‌ಸೈಟಲ್ಲಿ ಹಾಕಮ್ಮ, ಸಾವಿರಾರು ಜನ ನೋಡ್ತಾರೆ,” ಎಂದಿದ್ದರು. ಸಾವಿರಾರು ಎಂಬುದು ಅವರ ದೊಡ್ಡ ಮನಸ್ಸಿನ ಲೆಕ್ಕ. ಫೋಟೋ, ಎತ್ತರ, ನೀಲಿ ಅಂಗಿ, ಎಡ ಹುಬ್ಬಿನ ಮೇಲಿನ ಗಾಯದ ಗುರುತು, ಎಲ್ಲವನ್ನೂ ಅವಳೇ ಟೈಪು ಮಾಡಿ ಹಾಕಿದ್ದಳು.

“ಹಾಗಾದ್ರೆ ದೊಡ್ಡ ಪ್ಲ್ಯಾನೇ ತಗೋ,” ಎಂದರು ಯಜಮಾನರು, ಬಾಗಿಲಲ್ಲಿ ಬಂದ ಗಿರಾಕಿಯ ಕಡೆ ಹೊರಡುತ್ತ. “ಅದಕ್ಕೆಲ್ಲ ಯೋಚ್ನೆ ಮಾಡ್ತಾ ಕೂತ್ಕೋಬೇಡ.”

ಅವಳು ದೊಡ್ಡ ಪ್ಲ್ಯಾನನ್ನೇ ತೆರೆದಳು. ಕೊಳ್ಳುವ ಮುನ್ನ ಹೊಸ ಕಂಪನಿ ಒಂದು ವಿವರ ಕೇಳಿತು: ನಿಮ್ಮ ಪುಟಗಳನ್ನು ದಿನಕ್ಕೆ ಎಷ್ಟು ಜನ ನೋಡುತ್ತಾರೆ? ಹಳೆಯ ವ್ಯವಸ್ಥೆಯಲ್ಲಿ ತಿಂಗಳ ಮೊತ್ತವನ್ನಷ್ಟೇ ಅವಳು ಇಷ್ಟು ವರ್ಷ ನೋಡುತ್ತಿದ್ದಳು. ಆರನೆಯ ಪುಟಕ್ಕೆ ಹೆಚ್ಚುಕಡಿಮೆ ಇಪ್ಪತ್ತಾರು, ಒಂದು ತಿಂಗಳು ಮಾತ್ರ ಇಪ್ಪತ್ತು. ಹೆಚ್ಚೇನಲ್ಲ, ಆದರೆ ಒಂದು ತಿಂಗಳೂ ತಪ್ಪುತ್ತಿರಲಿಲ್ಲ. ಎಲ್ಲೋ ಯಾರೋ ನೋಡುತ್ತಿದ್ದಾರೆ ಎಂಬ ಒಂದೇ ಧೈರ್ಯ ಅವಳನ್ನು ಹಿಡಿದು ನಿಲ್ಲಿಸಿತ್ತು. ಅವನೇ ನೋಡುತ್ತಿರಬಹುದೇ ಎಂದೂ ಅನಿಸಿದ್ದುಂಟು.

ದಿನದ ಲೆಕ್ಕ ತೆರೆದಳು. ದಿನಕ್ಕೆ ಒಂದು. ಭಾನುವಾರ ಸೊನ್ನೆ. ಅವಳು ಜ್ವರ ಬಂದು ಮಲಗಿದ್ದ ವಾರ ಏಳಕ್ಕೆ ಏಳೂ ಸೊನ್ನೆ. ಪಕ್ಕದಲ್ಲಿ ವೇಳೆಯೂ ಇತ್ತು, ಒಂಬತ್ತು ಗಂಟೆ ಹತ್ತು ನಿಮಿಷ, ಒಂಬತ್ತು ಗಂಟೆ ಹನ್ನೆರಡು ನಿಮಿಷ. ಬೆಳಿಗ್ಗೆ ಅವಳು ಕಂಪ್ಯೂಟರ್ ಹಾಕಿ, ಬೇರೆ ಕೆಲಸ ಮುಟ್ಟುವ ಮೊದಲು, ತಮ್ಮನ ಪುಟ ಸರಿಯಾಗಿದೆಯೇ ಎಂದು ತೆರೆದು ನೋಡುವ ಹೊತ್ತು ಅದು. ಹಿಂದಿನ ವರ್ಷ ನೋಡಿದಳು, ಅದರ ಹಿಂದಿನದನ್ನೂ ನೋಡಿದಳು.

ಅಳು ಬರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ನಡುವೆ ಬಂದ ಗಿರಾಕಿಗೆ ಚೀಟಿ ಬರೆದುಕೊಟ್ಟು, “ಗುರುವಾರ ಬನ್ನಿ,” ಎಂದು ನಕ್ಕಳು ಕೂಡ. ಮತ್ತೆ ಕೂತು ಚಿಕ್ಕ ಪ್ಲ್ಯಾನನ್ನು ಒತ್ತಿದಳು. ಯಾವ ಐದು ಪುಟ ಎಂದು ಕೇಳಿತು. ಐದಕ್ಕೆ ಗುರುತು ಹಾಕಿದಳು.

ಸಂಜೆ ಯಜಮಾನರು ಬಂದು ನೋಡಿದರು. “ಆರನೇದು ಎಲ್ಲಮ್ಮ?”

“ಐದು ಸಾಕು ಸರ್.”

“ದುಡ್ಡಿನ ಯೋಚ್ನೆ ಬೇಡ ಅಂದ್ನಲ್ಲ.”

“ದುಡ್ಡಿಗಲ್ಲ ಸರ್. ಅದನ್ನ ನೋಡ್ತಿದ್ದಿದ್ದು ನಾನೊಬ್ಳೇ.”

ಯಜಮಾನರು ಹೋಗಿ, ನೆಟ್ಟಗೇ ಇದ್ದ ಫ್ರೇಮುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತ ನಿಂತರು.

ಮನೆಯಲ್ಲಿ ಅಮ್ಮ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಮಂಚ ಇದ್ದದ್ದು ಮುಂದಿನ ಕೋಣೆಯಲ್ಲಿ, ಫೋನಿನ ಪಕ್ಕ. ಆ ಪುಟದಲ್ಲಿ ಕೊಟ್ಟದ್ದು ಇದೇ ಫೋನಿನ ನಂಬರು. ಒಳಗೆ ಮಲಗಿದರೆ ಗಂಟೆ ಕೇಳಿಸುವುದಿಲ್ಲವೆಂದು ಅಮ್ಮ ಒಂಬತ್ತು ವರ್ಷದಿಂದ ಇಲ್ಲೇ ಮಲಗುತ್ತಿದ್ದಳು. ಬಾಗಿಲ ಸಂದಿಯ ಚಳಿಗೆ ಮಂಡಿ ಹಿಡಿದುಕೊಂಡರೂ ಯಾರ ಮಾತಿಗೂ ಜಗ್ಗಿರಲಿಲ್ಲ.

“ಅಮ್ಮ, ಅವನ ಫೋಟೋ ಇದ್ದ ಪುಟ ತೆಗೆದುಹಾಕ್ದೆ.”

ಅಮ್ಮನ ಕೈ ನಿಂತಿತು. “ಅವರು ತೆಗಿ ಅಂದ್ರಾ?”

“ಇಲ್ಲ. ಇರ್ಲಿ ಅಂದ್ರು. ನಾನೇ ತೆಗೆದೆ. ಯಾರೂ ನೋಡ್ತಿರ್ಲಿಲ್ಲಮ್ಮ.”

“ಒಬ್ರೂನಾ?”

“ಒಬ್ರೂ ಇಲ್ಲ.”

ಬೈದಿದ್ದರೆ, ಕೆನ್ನೆಗೊಂದು ಕೊಟ್ಟಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅಮ್ಮ ಕೈಲಿದ್ದ ಟವೆಲನ್ನು ಮಡಚಿ ಮುಗಿಸಿದಳು. ಬಟ್ಟೆಯ ರಾಶಿಯನ್ನು ಕುರ್ಚಿಗೆ ಸಾಗಿಸಿದಳು, ದಿಂಬನ್ನೂ ಅದರ ಮೇಲಿಟ್ಟಳು. ಆಮೇಲೆ ಬಗ್ಗಿ ಮಂಚದ ಒಂದು ತುದಿಗೆ ಕೈ ಕೊಟ್ಟಳು.

“ಆ ಕಡೆ ಹಿಡ್ಕೋ.”

ಅವಳು ಚೀಲವನ್ನು ಕೆಳಗಿಟ್ಟು ಹಿಡಿದಳು. ಒಳಕೋಣೆಯ ಬಾಗಿಲಲ್ಲಿ ಮಂಚ ಸಿಕ್ಕಿಕೊಂಡಿತು.

“ಓರೆ ಮಾಡು,” ಎಂದಳು ಅಮ್ಮ. “ಇನ್ನೂ ಸ್ವಲ್ಪ.”

ಓರೆ ಮಾಡಿದರು. ಒಳಗೆ ಹೋಯಿತು.