ರುಮಾಲಿನ ಗಾಳಿ

ಸುಗಟೂರಿನ ಕೊಂಡಪ್ಪ ಸೀನಿದರೆ ಮುಳಬಾಗಿಲಿನವರು ‘ಚಿರಂಜೀವಿ’ ಎನ್ನುತ್ತಿದ್ದರು. ಅಷ್ಟು ದೊಡ್ಡ ಬಾಯಿ. ಯುದ್ಧದಿಂದಾಗಿ ರೇಷ್ಮೆಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಕೆರೆಯ ಮೀನೂ ಕಂಬಳಿ ಕೇಳುವಂಥ ಪುಷ್ಯಮಾಸದ ಚಳಿಯಲ್ಲಿ, ಅವನು ಅರಳಿಕಟ್ಟೆಯ ಮೇಲೆ ಕೂತು ಹೆಂಡತಿಯ ಕಥೆ ಬಿಚ್ಚಿದ.

“ರೇಷ್ಮೆ ಹುಳದ ಮನೆಗೆ ಕೆಂಡ ಇಡೋದೇ ಬಿಟ್ಟಿದ್ದೀನಿ ಕಣ್ರೋ! ಗಂಗರತ್ನ ಒಳಕ್ಕೋಗಿ ನಿಂತ್ರೆ ಸಾಕು, ಹುಳ ಬೆಚ್ಚಗಾಗಿ ಗೂಡು ಕಟ್ತವೆ. ಬೆಳಗಿನ ಜಾವ ಅವಳ ಸೆರಗು ಹಿಂಡಿದ್ರೆ ಬೆವರಲ್ಲೇ ಕೊಡ ತುಂಬ್ತದೆ!”

“ಏನ್ಲಾ, ಬಸುರಿ ಸೊಸೆ ಜೊತೆ ಅತ್ತೇನೂ ಬಸುರೇನ್ಲಾ?” ಎಂದ ಪಕ್ಕದಲ್ಲಿ ಕೂತಿದ್ದ ಸೊಣ್ಣಪ್ಪ.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಕೊಂಡಪ್ಪ ಇಲ್ಲವೆನ್ನಲಿಲ್ಲ, ಮೀಸೆ ತಿರುವಿದ. ನೀರು ಹೊತ್ತು ಹೋಗುತ್ತಿದ್ದ ಗಂಗರತ್ನಮ್ಮ ತಲೆ ತಗ್ಗಿಸಿದ್ದು ಅವನಿಗೆ ಕಾಣಲಿಲ್ಲ.

ಸಂಜೆ ಮನೆಗೆ ಬಂದರೆ, ಅವಳು ಹಿತ್ತಿಲ ಜಗಲಿಯಲ್ಲಿ, ಮುಟ್ಟಾದವರು ಕೂರುವ ಮೂಲೆಯಲ್ಲಿ, ಗೋಣಿತಾಟಿನ ಮೇಲೆ ಕೂತಿದ್ದಳು.

“ಹೊರಗಾದ್ಯೇನೇ?”

“ಇಲ್ಲ. ನಿಂತೇ ವರ್ಷ ಆಗ್ತಾ ಬಂತು. ಊರು ನೋಡ್ಲಿ ಅಂತ ಕೂತಿದೀನಿ. ಸೊಸೆ ಮುಂದೆ ಬಸುರಿ ಅನ್ನಿಸ್ಕೊಳ್ಳೋದಕ್ಕಿಂತ ಈ ಚಳೀನೇ ವಾಸಿ.” ಆ ಚಳಿಯಲ್ಲೂ ಅವಳ ಕತ್ತು ಬೆವೆತಿತ್ತು. “ಇದ್ದಕ್ಕಿದ್ದಂಗೆ ಒಳಗಿಂದ ಬೆಂಕಿ ಏಳುತ್ತೆ, ಎದೆ ಡವಡವ ಅನ್ನುತ್ತೆ, ನಿದ್ದೆ ಹತ್ತಲ್ಲ. ನಮ್ಮಮ್ಮಂಗೂ ಹಿಂಗೇ ಆಗಿತ್ತು. ದೆವ್ವ ಅಂತ ಬೇವಿನ ಬರಲಲ್ಲಿ ಹೊಡೆದ್ರು. ನೀನು ಹೊಡೀಲಿಲ್ಲ ಬಿಡು. ಊರನ್ನ ನಗಿಸ್ದೆ.”

ಏಳೂರಿಗೆ ಮಾತು ಸಾಲ ಕೊಡುವ ಕೊಂಡಪ್ಪ ಆ ಗೋಣಿತಾಟಿನ ಅಂಚಿನಲ್ಲಿ ತಾನೂ ಕೂತ.

ಮಾರನೆಯ ದಿನ ಗಾಡಿ ಕಟ್ಟಿ ಅವಳನ್ನು ಕೋಲಾರಕ್ಕೆ ಕರೆದೊಯ್ದ. ಡಾಕ್ಟರಮ್ಮ ನೋಡಿ, ಹೊರಗೆ ನಿಂತಿದ್ದ ಅವನನ್ನೂ ಒಳಗೆ ಕರೆದರು. “ಬಸುರೂ ಅಲ್ಲ, ದೆವ್ವಾನೂ ಅಲ್ಲ. ಮುಟ್ಟು ನಿಲ್ಲೋ ವಯಸ್ಸಲ್ಲಿ ಮೈ ಹೀಗೆ ಕಾಯುತ್ತೆ, ಹೆದರಬೇಡಿ. ಆದರೆ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮುಚ್ಚಿಡಬೇಡಿ, ತಕ್ಷಣ ಬನ್ನಿ.” ಕೊಂಡಪ್ಪ ನೆಲ ನೋಡುತ್ತ ಕೇಳಿಸಿಕೊಂಡ.

ಬೈಗಿನಲ್ಲಿ ಗಾಡಿ ಕಟ್ಟೆಯ ಹತ್ತಿರ ಬರುವಾಗ ಗಂಗರತ್ನಮ್ಮನಿಗೆ ಮತ್ತೆ ಬೆಂಕಿ ಎದ್ದಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಏಮಯ್ಯಾ ಕೊಂಡಪ್ಪ, ಗಂಡೋ ಹೆಣ್ಣೋ?” ಸೊಣ್ಣಪ್ಪ ಕೂಗಿದ.

ಕೊಂಡಪ್ಪ ಎತ್ತು ನಿಲ್ಲಿಸಿದ. ಕಟ್ಟೆ ಕಿವಿ ನಿಮಿರಿಸಿತು.

“ಬಸುರಲ್ಲ ಕಣೋ, ವಯಸ್ಸು. ನಿನ್ ಹೆಂಡ್ತಿಗೂ ಬರ್ತದೆ. ಆವಾಗ ನಗು.”

ಅಮಲ್ದಾರರ ಮುಂದೆಯೂ ತೆಗೆಯದ ತಲೆಯ ರುಮಾಲನ್ನು ಬಿಚ್ಚಿದ. ಹಲ್ಲು ಕಟಕಟಿಸುವ ಆ ಚಳಿಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಹೆಂಡತಿಯ ಕಡೆ ತಿರುಗಿ ಕೂತು ಮೆಲ್ಲನೆ ಗಾಳಿ ಬೀಸತೊಡಗಿದ.

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಂಗರತ್ನಮ್ಮ ಮುಖದ ಮೇಲಿನ ಸೆರಗು ಸರಿಸಿದಳು.