ಮೇಸ್ತ್ರಿಯ ಪಾಲಿನ ಐಸು

ಅತ್ತೆ ತನ್ನ ಅಣ್ಣ ಮೇಸ್ತ್ರಿಯ ಸುತ್ತಿಗೆಯಿಂದಲೇ ಐಸು ಒಡೆಯುತ್ತಿದ್ದಳು. ಗೋಣಿಚೀಲದೊಳಗಿನ ಗಡ್ಡೆಗೆ ಏಟು ಬಿದ್ದಾಗಲೆಲ್ಲ ಚೂರುಗಳು ಸಿಡಿದು ನೆಲದ ಮೇಲೆ ಜಾರಿ, ಗೋಡೆ ಮುಟ್ಟುವಷ್ಟರಲ್ಲಿ ಅರ್ಧ ನೀರಾಗುತ್ತಿದ್ದವು.

"ಅದನ್ನೂ ಬಾಚು. ಕಾಲ ಹತ್ರ ಏನೂ ಉಳಿದಿಲ್ಲ ನೋಡು," ಎಂದಳು ಅತ್ತೆ.

ಮೇಸ್ತ್ರಿಯ ಮಗಳು ಬೊಗಸೆಯಲ್ಲಿ ಬಾಚಿ, ಮಂಚದ ಮೇಲಿದ್ದ ಅಪ್ಪನ ಹೆಣದ ಪಾದಗಳ ಪಕ್ಕ ಸುರಿದಳು. ಗಂಟೆ ಇನ್ನೂ ಹತ್ತೂವರೆ. ಸ್ಮಶಾನದ ಕಚೇರಿಯವರು ಕೊಟ್ಟ ಸರದಿ ಮಧ್ಯಾಹ್ನ ಒಂದಕ್ಕೆ. ಸಂಜೆಗೆ ಕೊಡಿ ಎಂದು ಅವಳು ಬೇಡಿಕೊಂಡಾಗ ಗುಮಾಸ್ತ ತಲೆ ಎತ್ತದೆಯೇ ಹೇಳಿದ್ದ: "ಸಂಜೆ ಬೇಕಂದ್ರೆ ನಾಳಿದ್ದು ಸಂಜೆ ತಾಯಿ. ನಿಮ್ಮ ಮುಂದೆ ಏಳು ಜನ ಇದ್ದಾರೆ. ಈ ವಾರ ಬಂದವರೆಲ್ಲ ಬೆಳಿಗ್ಗೆ ಕೊಡಿ, ಸಂಜೆ ಕೊಡಿ ಅಂತಾನೇ ಕೇಳ್ತಾರೆ. ನಾನು ದಿನಾನ ಎಳೆದು ಉದ್ದ ಮಾಡೋಕಾಗುತ್ತಾ?"

ಕೋಣೆ ಒಂದೇ. ಮೇಲೆ ತಗಡು. ಕೈ ಎತ್ತಿದರೆ ಸಾಕು, ಮುಟ್ಟುವ ಮೊದಲೇ ಬೆರಳಿಗೆ ಬಿಸಿ ತಾಗುತ್ತಿತ್ತು. ನಿನ್ನೆ ಮಧ್ಯಾಹ್ನ ಮೇಸ್ತ್ರಿ ಈ ತಗಡಿನ ಕೆಳಗೇ, ಮಂಚದಿಂದ ಎದ್ದು ಬಾಗಿಲಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಬಿದ್ದು ಸತ್ತಿದ್ದ. ಮೊದಲು ನೋಡಿದವಳು ಪಕ್ಕದ ಮನೆಯ ಟೈಲರಕ್ಕ. ಬಂದವರಿಗೆಲ್ಲ ಅವಳು ಅದನ್ನೇ ಹೇಳುತ್ತಿದ್ದಳು.

"ಬಾಗಿಲು ತಟ್ಟಿದೆ, ಓ ಅನ್ನಲಿಲ್ಲ. ಮಲಗಿದ್ದಾರೇನೋ ಅಂದ್ಕೊಂಡು ರವಿಕೆಯ ಒಂದು ತೋಳು ಹೊಲಿದು ಮುಗಿಸಿ ಮತ್ತೆ ಬಂದೆ. ಆ ಒಂದು ತೋಳು ಹೊಲೀಬಾರದಿತ್ತು ನಾನು."

ಸಾಲುಮನೆಗಳ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮೇಲೆ ನೋಡಿದರು. ಅವರ ಮನೆಗಳ ಮೇಲೂ ಇದ್ದದ್ದು ಮೇಸ್ತ್ರಿಯ ಕೈಯೇ ಹೊದಿಸಿದ ತಗಡು.

*

ಒಂದು ಕಾಲದಲ್ಲಿ ಆ ತಗಡು ಬಂದದ್ದೇ ಸಂಭ್ರಮ. ಅದಕ್ಕೂ ಮೊದಲು ಇಡೀ ಸಾಲು ಸೋರುತ್ತಿತ್ತು. ಮಳೆ ಬಂದರೆ ಮನೆಯಲ್ಲಿದ್ದ ಪಾತ್ರೆಗಳೆಲ್ಲ ನೆಲಕ್ಕಿಳಿಯುತ್ತಿದ್ದವು. ಮಗಳು ಬಕೆಟ್ಟಿನ ಪಕ್ಕ ಮುದುಡಿ ಮಲಗಿ ಬೆಳೆದವಳು. ಅವಳಿಗೆ ಹತ್ತು ವರ್ಷವಾದಾಗ ಅಪ್ಪ ಮೊದಲು ತನ್ನ ಮನೆಗೆ, ಆಮೇಲೆ ಒಂದೊಂದಾಗಿ ಇಪ್ಪತ್ತೊಂಬತ್ತು ಮನೆಗೆ ತಗಡು ಹೊದಿಸಿದ. ಕೆಳಗೆ ಏಣಿ ಹಿಡಿದು ನಿಂತವನು ಅವನ ಜೊತೆಗಾರ. ಬಿದಿರಿನ ಹಾಗೆ ಉದ್ದಕ್ಕೆ, ಸಣ್ಣಕ್ಕೆ ಇದ್ದ ಅವನಿಗೆ ಏಣಿ ಎಂದೇ ಹೆಸರು ಬಿತ್ತು.

"ಏಣಿ ಯಾವುದು, ಅದನ್ನ ಹಿಡ್ಕೊಂಡಿರೋದು ಯಾವುದು ಅಂತ ನನಗೇ ಗೊತ್ತಾಗಲ್ಲ ಕಣೋ," ಎಂದು ಮೇಸ್ತ್ರಿ ಮೇಲಿನಿಂದ ಕೂಗುತ್ತಿದ್ದ.

"ತುಳಿದು ನೋಡು, ಬೈಯೋದು ನಾನು," ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು.

ಮೊದಲ ಮಳೆಗೆ ಒಂದು ಹನಿಯೂ ಒಳಗೆ ಬೀಳಲಿಲ್ಲ. ಸದ್ದಿಗೆ ಮಾತು ಕೇಳಿಸದಿದ್ದರೂ ಸಾಲಿನವರು ಬಂದು ಬಂದು ಮೇಸ್ತ್ರಿಯ ಕೈ ಹಿಡಿದುಕೊಂಡು ಹೋದರು. ಆಗಲೂ ಬೇಸಿಗೆಯಲ್ಲಿ ತಗಡು ಕಾಯುತ್ತಿತ್ತು. ಆದರೆ ಹೊತ್ತು ಮುಳುಗಿದ ಮೇಲೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಆರುತ್ತಿತ್ತು. ಆರದೇ ಇರುವ ದಿನಗಳು ಬರುತ್ತವೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮಗಳು ಆರೋಗ್ಯ ಕೇಂದ್ರದಲ್ಲಿ ನರ್ಸಾದಳು. ಮೂರು ವರ್ಷದಿಂದ ಬೇಸಿಗೆ ಬಂತೆಂದರೆ ಅವಳಿಗೆ ಬೇರೆಯದೇ ಕೆಲಸ. ತನ್ನ ವಾರ್ಡಿನಲ್ಲಿ ಒಂಟಿಯಾಗಿರುವ ಮುದುಕರ ಪಟ್ಟಿ ಮಾಡುವುದು, ದಿನಕ್ಕೆರಡು ಸಲ ಬಾಗಿಲು ತಟ್ಟುವುದು, ಬಿಸಿಲು ಹೀರದಂತೆ ತಗಡಿನ ಮೇಲೆ ಸುಣ್ಣ ಬಳಿಸುವುದು, ಶಾಲೆಯ ಕೆಳಗಿನ ದೊಡ್ಡ ಕೋಣೆಗೆ ಒದ್ದೆ ಪರದೆ ಕಟ್ಟಿಸಿ ಮಧ್ಯಾಹ್ನ ಎಲ್ಲರನ್ನೂ ಅಲ್ಲಿಗೆ ಸಾಗಿಸುವುದು. ಪಟ್ಟಿಯಲ್ಲಿ ಅರವತ್ತೆರಡು ಹೆಸರಿದ್ದವು. ಈ ಸಲ ಅದರಲ್ಲಿ ಒಬ್ಬರೂ ಸತ್ತಿರಲಿಲ್ಲ. ಅಪ್ಪನ ಸಾಲು ಬೇರೆ ವಾರ್ಡಿಗೆ ಸೇರಿತ್ತು. ಅಲ್ಲಿಯ ಪಟ್ಟಿ ಇನ್ನೂ ಆಗಬೇಕಿತ್ತು.

ಹತ್ತು ದಿನದ ಹಿಂದೆ ಬಂದು ಕರೆದಿದ್ದಳು. "ನಮ್ಮನೆಗೆ ಬಂದುಬಿಡಪ್ಪ. ಮೂರು ವಾರ ಅಷ್ಟೆ. ಇಲ್ಲಾಂದ್ರೆ ಸುಣ್ಣನಾದ್ರೂ ಬಳಿಸ್ತೀನಿ."

"ನಲವತ್ತು ವರ್ಷ ಕಾದ ತಗಡಿನ ಮೇಲೆ ಕೂತು ಮೊಳೆ ಹೊಡೆದಿದ್ದೀನಿ. ಈಗ ಅದರ ಕೆಳಗೆ ಕೂರೋಕೆ ಹೆದರಬೇಕಾ?" ಎಂದು ನಕ್ಕಿದ್ದ. "ನಿನ್ನ ಮುದುಕರನ್ನ ನೋಡ್ಕೋ ಹೋಗು."

*

ಹನ್ನೊಂದಕ್ಕೆ ಏಣಿ ಮಾಮ ಬಂದ. ಅಷ್ಟು ಬಿಸಿಲಿನಲ್ಲಿ ಆಚೆ ಬೀದಿಯಿಂದ ನಡೆದೇ ಬಂದಿದ್ದ, ಅದೂ ಕೋಟು ಹಾಕಿಕೊಂಡು. ಹಿಂದೆಯೇ ಓಡಿಬಂದ ಅವನ ಸೊಸೆ ಏದುಸಿರು ಬಿಡುತ್ತ ಹೇಳಿದಳು: "ಬೇಡ ಅಂದ್ರೂ ಕೇಳಲಿಲ್ಲ. ಮೇಸ್ತ್ರಿನ ಕಳಿಸೋ ದಿನ ಬನಿಯನ್ನಲ್ಲಿ ಹೋಗ್ಲಾ ಅಂತಾರೆ."

ಏಣಿ ಮಾಮ ಗೆಳೆಯನ ತಲೆಯ ಹತ್ತಿರ ಕುರ್ಚಿಯಲ್ಲಿ ಕೂತ. ಎಲ್ಲರೂ ಅವನನ್ನು ಅವನ ಪಾಡಿಗೆ ಬಿಟ್ಟರು. ಮಗಳು ನೀರು ತಂದು ಕೊಟ್ಟಳು.

"ಕೋಟು ಬಿಚ್ಚು ಮಾಮ. ಸೆಕೆ."

"ಸೆಕೆ ಎಲ್ಲಿದೆ ಪುಟ್ಟಿ?" ಎಂದ. ನಾಲಿಗೆ ಸ್ವಲ್ಪ ತೊದಲುತ್ತಿತ್ತು. "ತಣ್ಣಗೆ ಇದೆಯಲ್ಲ. ಮೇಸ್ತ್ರಿಗೆ ಹೇಳು, ಎಡಗಡೆ ಕಾಲಿಡಬೇಡ ಅಂತ. ತಗಡು ಸಡಿಲ ಇದೆ."

ಅವಳು ಲೋಟ ಕಿತ್ತು ಪಕ್ಕಕ್ಕಿಟ್ಟಳು. ಅವನ ಕುತ್ತಿಗೆ ಮುಟ್ಟಿದಳು. ಒಣಗಿತ್ತು, ಸುಡುತ್ತಿತ್ತು.

"ಅತ್ತೆ, ಐಸು!"

"ಇರೋದೇ ಇಷ್ಟು ಕಣೆ. ಒಂದು ಗಂಟೆವರೆಗೂ ನಿಮ್ಮಪ್ಪನಿಗೆ..."

"ಅಪ್ಪನಿಗೆ ಇನ್ನೇನೂ ಆಗಲ್ಲ ಅತ್ತೆ!"

ಮಗಳು ಏಣಿ ಮಾಮನನ್ನು ನೆಲಕ್ಕೆ ಮಲಗಿಸಿ ಕೋಟಿನ ಗುಂಡಿ ಕಿತ್ತಳು. ಆಂಬುಲೆನ್ಸಿಗೆ ಫೋನು ಮಾಡಲು ಸೊಸೆಗೆ ಹೇಳಿದಳು. ಟೈಲರಕ್ಕ ಬಿಂದಿಗೆಯ ನೀರನ್ನು ಹಾಗೇ ಅವನ ಮೈಮೇಲೆ ಸುರಿದು ರಟ್ಟಿನಿಂದ ಬೀಸತೊಡಗಿದಳು. ಯಾರೋ ಬಾಯಿಗೆ ನೀರು ಬಿಡಲು ಬಂದರು. "ಬೇಡ, ನುಂಗೋಕಾಗಲ್ಲ, ಉಸಿರಿಗೆ ಹೋಗುತ್ತೆ," ಎಂದು ಮಗಳು ಕೈ ತಡೆದಳು.

ಅತ್ತೆ ಒಂದು ಗಳಿಗೆ ಅಣ್ಣನ ಮುಖ ನೋಡುತ್ತ ನಿಂತಳು. ಆಮೇಲೆ ಬಗ್ಗಿ, ಅವನ ಪಕ್ಕೆಗೆ ಒತ್ತಿಟ್ಟಿದ್ದ ಗಡ್ಡೆಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡಳು. ಎದೆ, ಸೀರೆ ಎಲ್ಲ ನೆನೆದುಹೋಯಿತು. "ಎಲ್ಲಿಡಲಿ? ಹೇಳು ಬೇಗ," ಎಂದಳು.

"ಕಂಕುಳಲ್ಲಿ. ಕತ್ತಿನ ಎರಡೂ ಕಡೆ. ತೊಡೆ ಸಂದೀಲಿ."

ಆಂಬುಲೆನ್ಸು ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮಂಚದ ಮೇಲೆ ಮೇಸ್ತ್ರಿಯ ಸುತ್ತ ಉಳಿದದ್ದು ಒದ್ದೆ ಗೋಣಿ ಮಾತ್ರ.

*

"ಸೆಕೆ ಎಲ್ಲಿದೆ?"

ಆ ಮಾತು ಅವಳಿಗೆ ಹೊಸದಲ್ಲ. ಪ್ರತಿ ಬೆಳಿಗ್ಗೆ ಎಂಟಕ್ಕೆ, ವಾರ್ಡಿಗೆ ಹೊರಡುವ ಮುಂಚೆ, ಅಪ್ಪನಿಗೆ ಫೋನು ಮಾಡುತ್ತಿದ್ದಳು. ದಿನವೂ ಅವನು ಸೆಕೆಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ನಿನ್ನೆ ಮಾತ್ರ, ಆ ಬೇಸಿಗೆಯಲ್ಲೇ ಕೆಟ್ಟ ದಿನ, ತುಂಬ ನಿಧಾನವಾಗಿ ಹೇಳಿದ್ದ: "ಇವತ್ತು ಸೆಕೆನೇ ಇಲ್ಲ ಕಣಮ್ಮ. ಆರಾಮಾಗಿದ್ದೀನಿ."

"ಒಳ್ಳೇದಾಯ್ತು ಬಿಡಪ್ಪ," ಎಂದು ಅವಳು ಚೀಲ ಹೆಗಲಿಗೇರಿಸಿದ್ದಳು. ಅಪ್ಪ ಇವತ್ತು ಕಿರಿಕಿರಿ ಮಾಡಲಿಲ್ಲ ಎಂದು ಮನಸ್ಸು ಹಗುರವೂ ಆಗಿತ್ತು. ಆ ಬೆಳಿಗ್ಗೆಯೇ ಮೂರು ಮನೆಗಳಲ್ಲಿ ಸೊಸೆಯಂದಿರನ್ನು ನಿಲ್ಲಿಸಿಕೊಂಡು ಪಾಠ ಹೇಳಿದ್ದಳು: ಮಾತು ಬದಲಾದರೆ, ಸೆಕೆ ಗೊತ್ತಾಗುತ್ತಿಲ್ಲ ಎಂದರೆ, ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಸಾಗಿಸಿ.

*

ಒಂದರ ಸರದಿ ಎರಡೂಕಾಲಿಗೆ ಬಂತು. ಹೂಳಲು ಹೋದವರು ಹನ್ನೊಂದು ಜನ. ನೆಲ ಕಬ್ಬಿಣದ ಹಾಗಿತ್ತು. ಗುಂಡಿ ತೋಡುವವನು ಬೆಳಿಗ್ಗೆ ನೀರು ಹೊಯ್ದು ನೆನೆಸಿ ಅಗೆದಿದ್ದಾಗಿ ಹೇಳಿದ. ಅರವತ್ತು ದಾಟಿದ ಮನುಷ್ಯ. ಎರಡು ದಿನದಲ್ಲಿ ಇದು ಹದಿಮೂರನೆಯದು ಎಂದ.

ಮೇಸ್ತ್ರಿಯನ್ನು ಇಳಿಸಿದರು. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿದರು. ಮಣ್ಣು ಕೈ ಸುಡುತ್ತಿತ್ತು. ಆಗ ಆಸ್ಪತ್ರೆಯಿಂದ ಏಣಿ ಮಾಮನ ಸೊಸೆಯ ಫೋನು ಬಂತು. ಮಗಳು ಗುಂಡಿಗೆ ಬೆನ್ನು ಮಾಡಿ ಕೇಳಿಸಿಕೊಂಡಳು.

"ಏನಂತೆ?" ಎಂದಳು ಅತ್ತೆ.

"ಕಣ್ಣು ಬಿಟ್ಟಿದ್ದಾನೆ. ಮೇಸ್ತ್ರಿ ಕೆಳಗಿಳಿದ್ನಾ ಅಂತ ಕೇಳಿದನಂತೆ."

ಅತ್ತೆಗೆ ನಗು ಬಂತು. ನಗುತ್ತ ನಗುತ್ತಲೇ ಅವಳ ಬಾಯಿ ಸೊಟ್ಟಗಾಯಿತು. ಬೆಳಿಗ್ಗೆಯಿಂದ ತಡೆದಿದ್ದ ಅಳು ಈಗ ಕಟ್ಟೆ ಒಡೆಯಿತು. ಮಗಳು ಅವಳ ಭುಜ ಹಿಡಿದುಕೊಂಡಳು. ನಿನ್ನೆಯ ಫೋನಿನ ಮಾತು ಹೇಳಿಬಿಡಬೇಕು ಎನಿಸಿತು. ಅದರ ಬದಲು ಅತ್ತೆಯ ಸೆರಗನ್ನು ಅವಳ ತಲೆಯ ಮೇಲೆ ಬಿಸಿಲಿಗೆ ಅಡ್ಡ ಹೊದಿಸಿದಳು.

ಗುಂಡಿ ತೋಡುವವನು ಮಣ್ಣು ಎಳೆಯುತ್ತಿದ್ದ. ಹತ್ತು ಸಲಿಕೆ, ಹದಿನೈದು. ಇಪ್ಪತ್ತರ ಹೊತ್ತಿಗೆ ಅವನ ಹೆಜ್ಜೆ ಪಕ್ಕಕ್ಕೆ ವಾಲಿತು. ಸಾಲಿನ ಇಬ್ಬರು ಗಂಡಸರು ಸಲಿಕೆ ತೆಗೆದುಕೊಂಡರು. ಅವರ ಮುಖವೂ ಸ್ವಲ್ಪ ಹೊತ್ತಿಗೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಸಾಕು," ಎಂದಳು ಮಗಳು. "ಎಲ್ಲರೂ ನೆರಳಿಗೆ ಬನ್ನಿ."

"ಅರ್ಧಕ್ಕೇ?" ಅತ್ತೆ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದಳು. "ಹೀಗೆ ಬಾಯಿ ತೆರೆದು ಬಿಟ್ಟು?"

"ಬಿಸಿಲು ಇಳೀಲಿ. ಇನ್ನೊಬ್ಬರಿಗೆ ಇಲ್ಲಿ ಜಾಗ ಮಾಡೋದು ಬೇಡ."

ಅತ್ತೆ ಗೋಡೆಯ ಕಡೆಗೆ ನಡೆದಳು. ಗುಂಡಿ ತೋಡುವವನು ಮೊದಲು ಹಿಂದೆಮುಂದೆ ನೋಡಿದ. ಬಳಿಕ ಸಲಿಕೆಯನ್ನು ಮಣ್ಣಿನ ಗುಪ್ಪೆಗೆ ಊರಿ ಬಂದ. ಕಾಂಪೌಂಡಿನ ಗೋಡೆಯ ಬುಡದಲ್ಲಿ ಮೊಳದಗಲದ ನೆರಳಿತ್ತು. ಹನ್ನೆರಡು ಜನ ಒಬ್ಬರಿಗೊಬ್ಬರು ತಾಗಿಕೊಂಡು, ಮಂಡಿ ಎದೆಗೆ ಎಳೆದುಕೊಂಡು, ಪಾದಗಳು ಬಿಸಿಲಿಗೆ ಹೋಗದಂತೆ ಸಾಲಾಗಿ ಕೂತರು. ನೀರಿನ ಬಾಟಲಿ ಕೈಯಿಂದ ಕೈಗೆ ಹೋಯಿತು. ಎದುರಿಗೆ ಅರ್ಧ ಮುಚ್ಚಿದ ಗುಂಡಿ; ಅದರ ಅಂಚಿನ ಒದ್ದೆ ಮಣ್ಣು ನೋಡನೋಡುತ್ತಲೇ ಬಿಳಿಚಿಕೊಳ್ಳುತ್ತಿತ್ತು. ನೆರಳು ಒಂದೊಂದೇ ಬೆರಳಿನಷ್ಟು ಅಗಲವಾಗಿ ಆ ಕಡೆಗೆ ಹೊರಟಿತ್ತು.